ಕೊಳದ ಬೆಳಕಿನ ಫೋಟೋ

ಜೂನ್ 4

ತಂಗೀ,

ಗಿಣಿಯ ಮುಂದಿನ ಹಲ್ಲು ಬಿದ್ದಿದೆ. ಈ ಸುದ್ದಿ ಕೊಟ್ಟವಳು ನೀನಲ್ಲ, ಗಿಣಿಯೂ ಅಲ್ಲ. ನಿನ್ನ ಗಂಡ.

ನಿನ್ನೆ ಸಂಜೆ ಸುಮ್ಮನೆ ಫೋನ್ ಮಾಡಿದ್ದೆ. ನೀವಿಬ್ಬರೂ ಈಜುಕೊಳದಿಂದ ಇನ್ನೂ ಮನೆಗೆ ಬಂದಿರಲಿಲ್ಲ. ನಿನ್ನ ಗಂಡ ಎತ್ತಿದರು. "ಅತ್ತಿಗೆ, ನಿಮ್ಮ ಮಗಳು ಈಗ 'ಸ' ಅನ್ನೋಕೆ ಹೋದ್ರೆ ಶಿಳ್ಳೆ ಬರತ್ತೆ! ಸೈಕಲ್ ಅನ್ನು ಅಂದ್ರೆ ಬೀದಿ ನಾಯಿಗಳೆಲ್ಲ ಓಡಿ ಬರ್ತವೆ" ಎಂದು ನಕ್ಕರು. ನಾನು ಸುಮ್ಮನಾದೆ. ಆಮೇಲೆ, "ಅಯ್ಯೋ, ನಿಮಗೆ ಹೇಳಿರ್ಲಿಲ್ವಾ? ಯಾವುದೋ ಲಿಫ್ಟ್ ಕೆಟ್ಟಿದೆಯಂತೆ, ಇಡ್ತೀನಿ ಅತ್ತಿಗೆ" ಎಂದು ಇಟ್ಟೇಬಿಟ್ಟರು. ಲಿಫ್ಟ್ ರಿಪೇರಿ ಮಾಡುವವರಿಗೆ ಇದೊಂದು ಅನುಕೂಲ. ಎಂಥ ಮಾತಿನ ನಡುವೆಯೂ ಎಲ್ಲೋ ಒಂದು ಲಿಫ್ಟ್ ಕೆಟ್ಟಿರುತ್ತದೆ.

ಗಿಣಿ ಕೇಳಿಸಿಕೊಳ್ಳುವಂತೆ ಅವಳ ವಿಷಯದಲ್ಲಿ ಫೋನಿನಲ್ಲಿ ಜಗಳ ಬೇಡ, ಏನಿದ್ದರೂ ಬರೆಯೋಣ ಎಂದು ಮಾರ್ಚ್‌ನಲ್ಲಿ ಅವಳನ್ನು ನಿನ್ನ ಮನೆಯಲ್ಲಿ ಬಿಡುವಾಗ ಮಾತಾಡಿಕೊಂಡಿದ್ದೆವು. ಅಮ್ಮ ನಮಗೆ ಹಾಕಿಕೊಟ್ಟ ನಿಯಮವೇ ಅದು. "ಕೋಪ ಬಂದ್ರೆ ಬರೆದು ಅಂಚೆಗೆ ಹಾಕ್ರೇ. ತಲುಪೋ ಹೊತ್ತಿಗೆ ಅರ್ಧ ಆರಿರತ್ತೆ." ಹಾಗಾಗಿ ಬರೆಯುತ್ತಿದ್ದೇನೆ.

ಏಳು ವರ್ಷ ಆ ಹಲ್ಲನ್ನು ಉಜ್ಜಿದವಳು ನಾನು. ಅದು ಅಲುಗಾಡುತ್ತಿದೆ ಎಂದು ಕೂಡ ನನಗೆ ಗೊತ್ತಿರಲಿಲ್ಲ. ಭಾನುವಾರದ ಫೋನಿನಲ್ಲಿ ಮಾತು ಮಾತಿಗೆ "ಚಿಕ್ಕಮ್ಮ ಹೇಳಿದ್ರು", "ಚಿಕ್ಕಮ್ಮಂಗೆ ಗೊತ್ತು" ಎನ್ನುತ್ತಾಳೆ. ಹಲ್ಲಿನ ಮಾತು ಮಾತ್ರ ಎತ್ತುವುದಿಲ್ಲ. ಅದನ್ನು ಹೇಳಬೇಕಾದ ಮನೆಯ ಪಟ್ಟಿಯಲ್ಲಿ ನಾನಿಲ್ಲವೇ?

ಇಲ್ಲಿ ಕೆಲಸ ಸರಿಯಾಗಿದೆ. ಹಳೇ ಗಿರಣಿಗಿಂತ ಬಣ್ಣದ ವಿಭಾಗ ದೊಡ್ಡದು. ಗಿರಾಕಿ ಒಂದು ತುಂಡು ಬಟ್ಟೆ ಕಳಿಸುತ್ತಾನೆ, ನಾವು ಬಣ್ಣ ಹಾಕಿದ್ದು ಅದಕ್ಕೆ ಹೊಂದುತ್ತದೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸ. ನಾನು "ಇಲ್ಲ" ಎಂದರೆ ಬಟ್ಟೆಯ ಇಡೀ ಥಾನು ವಾಪಸ್. ಹಾಸ್ಟೆಲ್ಲಿನಲ್ಲಿ ಇಬ್ಬರಿಗೆ ಒಂದು ಕೋಣೆ. ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲ ಎಂಬ ಬೋರ್ಡು ಇನ್ನೂ ಬಾಗಿಲಲ್ಲೇ ಇದೆ.

ಒಂದು ಫೋಟೋ ಕಳಿಸು. ಬಾಯಿ ತೆರೆದಿರುವುದು.

ಅಕ್ಕ


ಜೂನ್ 11

ಅಕ್ಕಾ,

ಹಲ್ಲು ಬಿದ್ದದ್ದು ನಿಜ. ಹೇಳಲು ಮರೆತೆ. ಐದೂವರೆಗೆ ಕೊಳದ ಬಾಗಿಲು ತೆಗೆಯಬೇಕು. ಮೊದಲು ವಯಸ್ಸಾದವರ ತಂಡ, ಆಮೇಲೆ ಶಾಲೆಯ ಮಕ್ಕಳು, ಸಂಜೆ ನೀರು ಕಂಡರೆ ಕಿರುಚುವವರು. ದಿನವಿಡೀ ಸೀಟಿ ಊದಿ ಊದಿ ಮನೆಗೆ ಬಂದ ಮೇಲೂ ಕಿವಿಯಲ್ಲಿ ಅದೇ. ಇದರ ನಡುವೆ ಒಂದು ಹಲ್ಲಿನ ಸುದ್ದಿ ತಪ್ಪಿಹೋಯಿತು. ಬೈಯುವುದಿದ್ದರೆ ಬೈದು ಮುಗಿಸು.

ನಮ್ಮನೆಯವರಿಗೆ ಸರಿಯಾಗಿ ಬಿಸಿ ಮುಟ್ಟಿಸಿದ್ದೇನೆ. "ನಾನೇನ್ ಮಾಡ್ಲಿ? ಅತ್ತಿಗೆ ಬೈದ್ರೆ ತಡ್ಕೋಬಹುದು. ಸುಮ್ನಾದ್ರೆ ನಂಗೆ ಕೈಕಾಲು ಆಡಲ್ಲ" ಎನ್ನುತ್ತಾರೆ.

ನಿನ್ನ ಮಗಳು ಚೆನ್ನಾಗಿದ್ದಾಳೆ. ತಿನ್ನುತ್ತಾಳೆ, ವಾದ ಮಾಡುತ್ತಾಳೆ. ಮೊನ್ನೆಯಿಂದ ತಲೆಯನ್ನೂ ನೀರಿನೊಳಗೆ ಹಾಕುತ್ತಿದ್ದಾಳೆ. ಮೊದಲ ಸಲ ಮೇಲೆ ಬಂದವಳೇ ನನ್ನ ಕತ್ತು ಹಿಡಿದುಕೊಂಡು, "ಚಿಕ್ಕಮ್ಮಾ, ಒಳಗಡೆ ನನ್ನ ಕಾಲೆಲ್ಲ ನೀಲಿ! ಯಾರೋ ಬದಲಾಯಿಸಿಬಿಟ್ಟಿದಾರೆ!" ಎಂದು ಕೂಗಿದಳು. ಇಡೀ ಕೊಳ ನಕ್ಕಿತು. ಜುಲೈ 20ಕ್ಕೆ ಚಿಕ್ಕಮಕ್ಕಳ ಮೊದಲ ಪರೀಕ್ಷೆ ಇಟ್ಟಿದ್ದೇನೆ. ಕೊಳದ ಒಂದು ಅಡ್ಡ, ಈ ದಡದಿಂದ ಆ ದಡಕ್ಕೆ, ಯಾರೂ ಹಿಡಿಯದೆ, ತೇಲುಹಲಗೆಯಿಲ್ಲದೆ. ಅವಳ ಹೆಸರೂ ಇದೆ.

ಫೋಟೋ ಜೊತೆಗಿದೆ. ಕೊಳದ ಗುಮಾಸ್ತ ತೆಗೆದದ್ದು. ನೀರಿನಿಂದ ಎದ್ದ ಮೇಲೆ ಚಳಿಯಾಗುತ್ತದೆಂದು ಇಬ್ಬರೂ ಜಾಕೆಟ್ ಹಾಕಿಕೊಂಡು ನಿಂತಿದ್ದೇವೆ. ಬಾಯಿ ತೆರೆಯೇ ಎಂದರೆ ತೆರೆಯಲಿಲ್ಲ. ನಿನ್ನ ಮಗಳಲ್ಲವೇ, ಹೇಳಿದ ಮಾತು ಕೇಳಿದರೆ ಜ್ವರ ಬರುತ್ತದೆ.

ತಂಗಿ


ಜೂನ್ 20

ತಂಗೀ,

ಫೋಟೋದಲ್ಲಿ ನೀವಿಬ್ಬರೂ ಒಂದೇ ಬಟ್ಟೆಯ ಜಾಕೆಟ್ ಹಾಕಿದ್ದೀರಿ. ಇದನ್ನು ಯಾರೂ ನನಗೆ ಹೇಳಬೇಕಾಗಲಿಲ್ಲ. ಹದಿನೆಂಟು ವರ್ಷ ಇದೇ ಕೆಲಸ ಮಾಡಿದ ಕಣ್ಣು ಹೇಳಿತು. ತಿಳಿ ನೀಲಿ, ಹಸಿರಿನ ಛಾಯೆ ಒಂದು ಚೂರು. ಒಂದೇ ಥಾನು, ಒಂದೇ ಸಲದ ಬಣ್ಣ. ಒಂದು ದೊಡ್ಡದು, ಒಂದು ಚಿಕ್ಕದು. ಅಂಗಡಿಗಳಲ್ಲಿ ಇದನ್ನು ಅಮ್ಮ-ಮಗಳ ಜೋಡಿ ಎಂದು ಮಾರುತ್ತಾರೆ.

ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದೆ. ಕೋಣೆಯ ಗೆಳತಿ, ನೂಲಿನ ವಿಭಾಗದವಳು, ಎತ್ತಿ ನೋಡಿದಳು. "ಅಯ್ಯೋ, ಅಮ್ಮ ಮಗಳು ಎಷ್ಟು ಮುದ್ದಾಗಿದಾರೆ! ಕಣ್ಣೂ ಒಂದೇ ಥರ. ಯಾರಿವರು, ನಿಮ್ಮ ಕಡೆಯವರಾ?" ಎಂದಳು.

ನಮ್ಮ ಕಡೆಯವರೇ.

ನಿನ್ನ ಕೈ ಅವಳ ಹೆಗಲ ಮೇಲಿದೆ. ಅವಳು ನಿನ್ನ ಕಡೆ ವಾಲಿದ್ದಾಳೆ. ಬಾಯಿ ಬಿಗಿದುಕೊಂಡಿದ್ದಾಳೆ. ನನಗೆ ಹಲ್ಲು ತೋರಿಸಬಾರದು ಎಂದು ಹೇಳಿಕೊಟ್ಟವರು ಯಾರು? ಮರೆತೆ ಅಂತೀಯ. ನೀನು ಮರೆಯುವವಳಲ್ಲ. ಚಿಕ್ಕಂದಿನಲ್ಲಿ ನನ್ನ ಬಳಪ ಮುರಿದದ್ದಕ್ಕೆ ನಾನು ಕೊಟ್ಟ ಏಟನ್ನು ಇವತ್ತಿಗೂ ದಿನ, ವಾರ ಸಮೇತ ಹೇಳುತ್ತೀಯ.

ಅವಳ ಅಪ್ಪ ಬೇರೆ ಸಂಸಾರ ಕಟ್ಟಿಕೊಂಡು ಹೋದಾಗ ನನಗೆ ಹೀಗಾಗಿರಲಿಲ್ಲ. ಹೋದವನು ಹೊರಗಿನವನು ಎಂದುಕೊಂಡೆ. ಇದು ಒಳಗಿನವರೇ ಮಾಡುವ ಕೆಲಸ. ಒಂದೊಂದೇ ಸಾಮಾನು ಎತ್ತುತ್ತಾರೆ, ಗೊತ್ತಾಗದ ಹಾಗೆ. ಮೊದಲು ಹಲ್ಲು, ಆಮೇಲೆ ಈಜು, ಈಗ ಬಟ್ಟೆ.

ತೀರ್ಮಾನ ಮಾಡಿದ್ದೇನೆ. ಗಿರಣಿಯ ಪಕ್ಕದ ಶಾಲೆಯಲ್ಲಿ ಸೀಟು ಸಿಕ್ಕಿದೆ. ಹಿಂದಿನ ಬೀದಿಯಲ್ಲಿ ಒಂದು ಕೋಣೆ ನೋಡಿ ಮುಂಗಡ ಕೊಟ್ಟಿದ್ದೇನೆ. ಬೆಳಕು ಚೆನ್ನಾಗಿದೆ. ಜುಲೈ 6, ಭಾನುವಾರ ಬಂದು ಗಿಣಿಯನ್ನು ಕರೆದುಕೊಂಡು ಹೋಗುತ್ತೇನೆ. ಅವಳ ಬಟ್ಟೆ, ಪುಸ್ತಕ ಕಟ್ಟಿಡು. ಆ ನೀಲಿ ಜಾಕೆಟ್ ಬೇಡ. ಅದನ್ನು ನೀನೇ ಇಟ್ಟುಕೋ.

ಅಕ್ಕ


ಜೂನ್ 25

ಅಕ್ಕಾ,

ನಿನ್ನ ಪತ್ರವನ್ನು ಕೊರಿಯರ್‌ನವನು ಕೊಳಕ್ಕೇ ತಂದುಕೊಟ್ಟ. ಮಕ್ಕಳು ನೀರಿನಲ್ಲಿದ್ದರು. ಒದ್ದೆ ಕೈಯಲ್ಲಿ ಸಹಿ ಹಾಕಿದೆ. ಅಮ್ಮ ಹೇಳಿದ್ದು ಅಂಚೆಗೆ ಹಾಕು ಎಂದು. ನಿನಗೆ ಕೋಪವನ್ನು ಬಿಸಿಬಿಸಿಯಾಗಿಯೇ ತಲುಪಿಸುವ ಆತುರ.

ಕರೆದುಕೊಂಡು ಹೋಗು. ನಿನ್ನ ಮಗಳು. ಬೇಡ ಎನ್ನಲು ನಾನು ಯಾರು? ಬಟ್ಟೆ ಒಗೆದು ಮಡಚಿದ್ದೇನೆ. ಶಾಲೆಯಿಂದ ವರ್ಗಾವಣೆ ಪತ್ರಕ್ಕೆ ಹೇಳಿದ್ದೇನೆ. 20ರ ಪರೀಕ್ಷೆಯಿಂದ ಅವಳ ಹೆಸರು ತೆಗೆಯುವುದೊಂದು ಬಾಕಿ. ಅದನ್ನು ಅವಳಿಗೆ ಹೇಳುವ ಕೆಲಸ ನಿನ್ನದು.

ಒಂದು ಮಾತು. ಒಂದೊಂದೇ ಸಾಮಾನು ಅಂದೆಯಲ್ಲ. ಅವಳಿಗೆ ಜ್ವರ ಬಂದಾಗ ಹಣೆ ಒರೆಸುವವಳು ನಾನು, "ಅಮ್ಮ ಆಗಿದ್ರೆ ತಣ್ಣಗೆ ಒರೆಸ್ತಿದ್ಲು" ಅನ್ನಿಸಿಕೊಳ್ಳುವವಳೂ ನಾನು. ಜಡೆ ಹಾಕಿದರೆ ಅಮ್ಮನ ಹಾಗೆ ಬಿಗಿಯಾಗಿಲ್ಲ. ಕಥೆ ಹೇಳಿದರೆ ಅಮ್ಮನ ಕಥೆಯಲ್ಲಿ ನರಿ ಸಾಯುವುದಿಲ್ಲ. ನೀನು ವಾರಕ್ಕೊಮ್ಮೆ ಫೋನಿನಲ್ಲಿ ಬರುವ ದೇವರು. ನಾನು ದಿನಾ ತಟ್ಟೆ ತೊಳೆಯುವವಳು. ಹೊಟ್ಟೆಕಿಚ್ಚು ನಿನ್ನೊಬ್ಬಳ ಸ್ವತ್ತು ಎಂದುಕೊಳ್ಳಬೇಡ.

ಇದರ ಜೊತೆ ಒಂದು ತುಂಡು ಬಟ್ಟೆ ಇಟ್ಟಿದ್ದೇನೆ. ಅವಳ ಜಾಕೆಟ್ ಹೊಲಿದಾಗ ಉಳಿದದ್ದು. ಫೋಟೋ ನೋಡಿ ಬಣ್ಣ ಹೇಳಿದೆಯಲ್ಲ, ಇದನ್ನು ಕೈಯಲ್ಲಿ ಹಿಡಿದು ಹೇಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಕೇಳಿದ್ದೆ. ನೀಲಿ ಕಾಣುವ ಕಾಮಾಲೆಯೂ ಇದೆ ಎಂದು ಈಗ ಗೊತ್ತಾಯಿತು.

ಈ ಪತ್ರ ಅಂಚೆಯಲ್ಲೇ ಬರುತ್ತದೆ.

ತಂಗಿ


ಜುಲೈ 1

ತಂಗೀ,

ಆ ತುಂಡು ನನ್ನ ಕೋಟಿನದು. ಹಳೇ ಗಿರಣಿಯಲ್ಲಿ ಹಾಕಿಕೊಳ್ಳುತ್ತಿದ್ದ ಬೂದು ಕೋಟು. ನಿಮ್ಮ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಬಿಟ್ಟು ಬಂದಿದ್ದೆ. ತುಂಡಿನ ಅಂಚಿನಲ್ಲಿ ಆಸಿಡ್ ಬಿದ್ದು ಸುಟ್ಟ ಗುರುತಿದೆ, ಬಲ ತೋಳಿನದು. ಅದನ್ನು ನೋಡಿಯೂ ನಂಬದೆ ನಿನ್ನೆ ಕೆಲಸಕ್ಕೆ ತೆಗೆದುಕೊಂಡು ಹೋಗಿ ಬೆಳಕಿನ ಪೆಟ್ಟಿಗೆಯೊಳಗಿಟ್ಟೆ. ಹಗಲಿನ ದೀಪ, ಅಂಗಡಿಯ ದೀಪ, ಮನೆಯ ದೀಪ, ಮೂರರಲ್ಲೂ ಬೂದು. ಬೂದು ಬಿಟ್ಟು ಬೇರೇನೂ ಇಲ್ಲ.

ನಿನಗೆ ಹೇಳಿದ್ದೆನೋ ಇಲ್ಲವೋ. ನಮ್ಮ ಕೆಲಸದವರು ಬೂದು ಕೋಟನ್ನೇ ಹಾಕುವುದು ನಿಯಮ. ಬಣ್ಣದ ಅಂಗಿ ಹಾಕಿಕೊಂಡು ಬಗ್ಗಿದರೆ ಅದರ ಛಾಯೆ ಕೈಯಲ್ಲಿರುವ ಬಟ್ಟೆಯ ಮೇಲೆ ಬೀಳುತ್ತದೆ. ಗೋಡೆಗೂ ಬೂದು ಬಣ್ಣವೇ. ನಮ್ಮದೇನೂ ಬಟ್ಟೆಗೆ ಹತ್ತಬಾರದು.

ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನೇ ಪಾಠ ಹೇಳುತ್ತೇನೆ. ಬಣ್ಣ ನೋಡುವ ಮುಂಚೆ ಬೆಳಕು ಎಲ್ಲಿಂದ ಬರುತ್ತಿದೆ ನೋಡಿ. ಒಂದನ್ನೇ ದಿಟ್ಟಿಸಬೇಡಿ, ಕಣ್ಣು ದಣಿದು ಇಲ್ಲದ್ದು ಕಾಣುತ್ತದೆ. ಗೋಡೆಯ ಕಡೆ ತಿರುಗಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಫೋಟೋ ನೋಡಿ ಯಾವತ್ತೂ ಬಣ್ಣ ಹೇಳಬೇಡಿ. ಇದು ನನ್ನ ಬಾಯಿಪಾಠ. ನೀಲಿ ಹೆಂಚಿನ ಕೊಳ, ನೀರಿನಿಂದ ಎದ್ದು ಬರುವ ಬೆಳಕು, ಅದರಲ್ಲಿ ತೆಗೆದ ಫೋಟೋ. ಅಲ್ಲಿ ಬೂದು ನೀಲಿಯಾಗದೆ ಇನ್ನೇನಾಗುತ್ತದೆ? ಗಿಣಿಗೆ ನೀರಿನೊಳಗೆ ತನ್ನ ಕಾಲೇ ನೀಲಿ ಕಂಡಿತ್ತು ಎಂದು ಅದೇ ಪತ್ರದಲ್ಲಿ ನೀನು ಬರೆದಿದ್ದೆ. ಓದಿದೆ, ನಕ್ಕೆ, ಪಕ್ಕದಲ್ಲಿಟ್ಟು ಫೋಟೋ ಹಿಡಿದು ಕೂತೆ. ಒಂದು ವಾರ ಅದನ್ನೇ ದಿಟ್ಟಿಸಿದ್ದೇನೆ. ಗೋಡೆಯ ಕಡೆ ಒಮ್ಮೆಯೂ ತಿರುಗಲಿಲ್ಲ. ನನ್ನ ಮಗಳ ಮೈಮೇಲಿದ್ದ ನನ್ನ ಕೋಟು ನನಗೆ ಗೊತ್ತಾಗಲಿಲ್ಲ.

ಅಷ್ಟರಿಂದ ಹೊಟ್ಟೆಕಿಚ್ಚು ಹೋಯಿತು ಎಂದು ತಿಳಿಯಬೇಡ. ನಿನ್ನ ಕೈ ಅವಳ ಹೆಗಲ ಮೇಲಿರುವುದು ಯಾವ ದೀಪದಲ್ಲಿ ನೋಡಿದರೂ ಅಲ್ಲೇ ಇದೆ. ಆದರೆ ಅದನ್ನು ಅಮ್ಮ-ಮಗಳ ಜೋಡಿ ಎಂದು ಓದಿದ್ದು ನನ್ನ ತಪ್ಪು. ಈಗ ಫೋಟೋವನ್ನು ದಿಂಬಿನಿಂದ ತೆಗೆದು ಬೀರುವಿನೊಳಗಿಟ್ಟಿದ್ದೇನೆ. ನಾಲ್ಕು ದಿನಕ್ಕೊಮ್ಮೆ ನೋಡಿದರೆ ಸಾಕು.

ಹಿಂದಿನ ಪತ್ರದಲ್ಲಿ ಕೆಲವನ್ನು ಬಿಟ್ಟಿದ್ದೆ. ಕೋಣೆಯಲ್ಲಿ ಬೆಳಕು ಚೆನ್ನಾಗಿದೆ ಎಂದು ಬರೆದೆ. ಅದು ಬೆಳಿಗ್ಗೆ ಮಾತ್ರ. ನನಗೆ ಇರುವುದು ಮಧ್ಯಾಹ್ನದ ಪಾಳಿ. ಗಿಣಿ ಶಾಲೆಯಿಂದ ಬರುವುದು ಮೂರಕ್ಕೆ, ನಾನು ಬರುವುದು ಒಂಬತ್ತಕ್ಕೆ. ನಡುವೆ ಮನೆಯೊಡತಿ ನೋಡಿಕೊಳ್ಳುತ್ತಾಳಂತೆ. ಆಕೆಗೆ ಕಿವಿ ಕೇಳುವುದಿಲ್ಲ, ಟೀವಿ ಜೋರಾಗಿರುತ್ತದೆ. ಇದೆಲ್ಲ ಗೊತ್ತಿದ್ದೇ ಮುಂಗಡ ಕೊಟ್ಟೆ. ಆ ಹೊತ್ತಿನಲ್ಲಿ ನನಗೆ ಬೇಕಿದ್ದದ್ದು ಅವಳಿಗೆ ಒಂದು ಮನೆ ಅಲ್ಲ, ನಿನ್ನ ಮನೆಯಿಂದ ಅವಳನ್ನು ಎತ್ತುವುದು.

ಕೋಣೆಯ ಗೆಳತಿ "ಯಾರಿವರು" ಎಂದಾಗ ನಾನು ಏನಂದೆ ಎಂದೂ ಬರೆಯಲಿಲ್ಲ. "ನನ್ನ ತಂಗಿ" ಎಂದೆ. ಮಗು ಯಾರೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳು ಈಗಲೂ ಅದು ನಿನ್ನ ಮಗು ಎಂದುಕೊಂಡಿದ್ದಾಳೆ.

6ಕ್ಕೆ ಬರುವುದಿಲ್ಲ. ಇದು ಬೇಗ ತಲುಪಲಿ ಎಂದು ಇದನ್ನೂ ಕೊರಿಯರ್‌ಗೇ ಕೊಡುತ್ತಿದ್ದೇನೆ. ಈ ಸಲ ಆತುರದ ಕಾರಣ ಬೇರೆ. ಶಾಲೆಯವರಿಗೆ ಇನ್ನೂ ಬೇಡ ಎಂದಿಲ್ಲ. 15ರವರೆಗೆ ಸೀಟು ಇಟ್ಟಿರುತ್ತಾರೆ. ಅದಕ್ಕೆ ಮುಂಚೆ ಒಂದು ಪ್ರಶ್ನೆಗೆ ನಿಜ ಹೇಳು.

ಅವಳು ನಿನ್ನನ್ನು ಅಮ್ಮ ಅಂತಾಳಾ?

ಅಕ್ಕ


ಜುಲೈ 6

ಅಕ್ಕಾ,

ಇಲ್ಲ. ಒಂದು ಸಲವೂ ಇಲ್ಲ. ಇದನ್ನು ಹೇಳುತ್ತಿರುವವಳು ಆ ಮಾತಿಗೆ ಕಿವಿ ಕೊಟ್ಟು ಕಾದಿದ್ದವಳು. ಹಾಗಾಗಿ ನಂಬಬಹುದು.

ನೀನು ನಿಜ ಬರೆದೆ, ಈಗ ನನ್ನ ಸರದಿ. ಮೇ ತಿಂಗಳಲ್ಲಿ ಕೊಳಕ್ಕೆ ಬರುವ ಒಬ್ಬ ಟೀಚರಮ್ಮ, "ನಿಮ್ಮ ಮಗಳಿಗೆ ಎಷ್ಟು ಧೈರ್ಯರೀ!" ಎಂದರು. ನಾನು ಅಲ್ಲ ಎನ್ನಲಿಲ್ಲ. ನಕ್ಕು ಸೀಟಿ ಸರಿಮಾಡಿಕೊಂಡೆ. ಅರೆಗಳಿಗೆ ಅಷ್ಟೆ, ಆದರೆ ಹಾಯಾಗಿತ್ತು. ಗಿಣಿ ತಲೆ ಒರೆಸಿಕೊಳ್ಳುತ್ತಿದ್ದವಳು ಟವೆಲ್ ಒಳಗಿಂದಲೇ, "ಇವ್ರು ನನ್ನ ಚಿಕ್ಕಮ್ಮ. ನಮ್ಮಮ್ಮ ದೊಡ್ಡ ಗಿರಣೀಲಿ ಬಣ್ಣ ಪಾಸು ಮಾಡ್ತಾಳೆ. ಅವ್ಳು ಇಲ್ಲ ಅಂದ್ರೆ ಇಲ್ಲ" ಎಂದಳು. ಟೀಚರಮ್ಮ ಸಾರಿ ಕೇಳಿದರು. ಇವತ್ತಿಗೂ ನನಗೆ ಅವರನ್ನು ಕಂಡರೆ ಆಗುವುದಿಲ್ಲ. ಪಾಪ, ಆಕೆಯ ತಪ್ಪೇನೂ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವಳು ನಾನು. ನಿನ್ನ ಪತ್ರ ಓದಿದಾಗ ಅಷ್ಟು ಉರಿದದ್ದು ಅದಕ್ಕೇ. ಬಟ್ಟೆಯ ವಿಷಯದಲ್ಲಿ ನೀನು ತಪ್ಪು. ಮಿಕ್ಕದ್ದರಲ್ಲಿ ಪೂರ್ತಿ ತಪ್ಪಲ್ಲ.

ಕೋಟಿನ ಕಥೆ ಇದು. ಏಪ್ರಿಲ್‌ನಲ್ಲಿ ಅಟ್ಟದ ಪೆಟ್ಟಿಗೆಯಿಂದ ಅದನ್ನು ಅವಳೇ ಎಳೆದಳು. ಹಾಕಿಕೊಂಡರೆ ನೆಲ ಗುಡಿಸುತ್ತಿತ್ತು. ಕೊಳಕ್ಕೆ ಹಾಕಿಕೊಂಡೇ ಬರುತ್ತೇನೆ ಎಂದು ಹಟ. ಎರಡು ಸಲ ಮುಗ್ಗರಿಸಿದಳು. ನಾನು ಅವಳಿಗೆ ಹೊಸ ಜಾಕೆಟ್ ತಂದಿದ್ದೆ, ಕೆಂಪು, ಟೋಪಿಯಿರುವುದು. ಅದು ಇನ್ನೂ ಹೊಸದಾಗಿಯೇ ಇದೆ. ಕೊನೆಗೆ ನಿನ್ನ ಕೋಟನ್ನೇ ಕತ್ತರಿಸಿದೆ. ನಿನ್ನನ್ನು ಕೇಳಲಿಲ್ಲ. ಕತ್ತರಿ ಹಾಕುವಾಗ ಸ್ವಲ್ಪ ಖುಷಿಯೂ ಆಯಿತು, ಅದನ್ನೂ ಬರೆದುಬಿಡುತ್ತೇನೆ. ಫೋಟೋದಲ್ಲಿ ನಾನು ಹಾಕಿರುವುದು ಕೊಳದವರು ಕೊಟ್ಟ ತಿಳಿ ನೀಲಿ ಜಾಕೆಟ್.

ಪ್ರತಿ ಭಾನುವಾರ ನಿನ್ನ ಫೋನ್ ಇಟ್ಟ ಮೇಲೆ ಏನಾಗುತ್ತದೆ ಎಂದು ನಿನಗೆ ಹೇಳಿಲ್ಲ. ಹೇಳಿದರೆ ನೀನು ಗೆದ್ದ ಹಾಗೆ ಎನಿಸುತ್ತಿತ್ತು. ಅವಳು ಆ ಕೋಟು ಹಾಕಿಕೊಂಡು ಮನೆಯ ಟವೆಲ್ಲುಗಳನ್ನೆಲ್ಲ ಕಿಟಕಿಯ ಹತ್ತಿರ ಹರಡಿ ಕೂರುತ್ತಾಳೆ. ಒಂದೊಂದನ್ನೇ ಎತ್ತಿ ಹಿಡಿದು, ಗೋಡೆ ನೋಡಿ, ಮತ್ತೆ ಟವೆಲ್ ನೋಡಿ, "ಕೆಂಪು ಒಂದು ಚೂರು ಜಾಸ್ತಿಯಾಯ್ತು. ವಾಪಸ್ ಕಳ್ಸಿ" ಎನ್ನುತ್ತಾಳೆ. ನಮ್ಮನೆಯವರು ಗಿರಾಕಿ. "ಮೇಡಂ, ಈ ಸಲ ಪಾಸು ಮಾಡಿಬಿಡಿ, ಮದುವೆ ಆರ್ಡರು" ಎಂದು ಗೋಗರೆಯುತ್ತಾರೆ. "ನಿಯಮ ನಿಯಮ" ಎನ್ನುತ್ತಾಳೆ. ನನ್ನ ಟವೆಲ್ ಒಂದೂ ಇದುವರೆಗೆ ಪಾಸಾಗಿಲ್ಲ.

ಹಲ್ಲನ್ನು ನಾನು ಮರೆತಿರಲಿಲ್ಲ. ಬಿದ್ದ ದಿನ ಕೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದು ಗುಟ್ಟಾಗಿ ಕೇಳಿದಳು: "ಚಿಕ್ಕಮ್ಮಾ, ಅಮ್ಮ ಇಲ್ದೇ ಇದ್ದಾಗ ಬಿತ್ತು ಅಂದ್ರೆ ಅಮ್ಮಂಗೆ ಬೇಜಾರಾಗತ್ತೆ. ಅಮ್ಮ ಬಂದ ದಿನವೇ ಬಿತ್ತು ಅಂತ ಹೇಳೋಣ್ವಾ?" ಅಲ್ಲಿಯವರೆಗೆ ಯಾರೂ ಬಾಯಿ ಬಿಡಬಾರದು ಎಂದು ಮೂವರೂ ಆಣೆ ಮಾಡಿದೆವು. ಅದಕ್ಕೇ ಫೋಟೋದಲ್ಲಿ ತುಟಿ ಬಿಗಿದದ್ದು. ಆಣೆ ಮುರಿದವರು ಯಾರೆಂದು ನಿನಗೇ ಗೊತ್ತು. ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ. ನಿನಗೆ ಗೊತ್ತಾಗಿದೆ ಎಂದು ಮಾತ್ರ ಗಿಣಿಗೆ ಹೇಳಿಲ್ಲ. ನೀನೂ ಹೇಳಬೇಡ.

ಇವತ್ತು 6. ನೀನು ಬರುವ ದಿನವಾಗಿತ್ತು. ಬೆಳಿಗ್ಗೆ ಅವಳನ್ನು ಕೂರಿಸಿಕೊಂಡು ಕೇಳಿಯೇಬಿಟ್ಟೆ.

"ಗಿಣಿ, ಅಮ್ಮನ ಊರಿನ ಶಾಲೆಗೆ ಹೋಗ್ತೀಯಾ, ಇಲ್ಲೇ ಇರ್ತೀಯಾ?"

"ಅಲ್ಲಿ ಕೊಳ ಇದ್ಯಾ?"

"ಗೊತ್ತಿಲ್ಲ."

"ಸಂಜೆ ಅಮ್ಮ ಇರ್ತಾಳಾ?"

ನೀನು ಬರೆದದ್ದನ್ನೇ ಹೇಳಿದೆ, ಒಂಬತ್ತಕ್ಕೆ ಬರುತ್ತಾಳೆ ಎಂದು.

"ಒಂಬತ್ತಕ್ಕೆ ನಾನು ಮಲಗಿರ್ತೀನಲ್ಲ ಚಿಕ್ಕಮ್ಮಾ. ಮತ್ತೆ ಅಲ್ಲಿ ಹೋಗಿ ಏನು ಮಾಡ್ಲಿ?"

ಅವಳ ಮಾತು ಇಷ್ಟೇ. ಒಂದಕ್ಷರ ಸೇರಿಸಿಲ್ಲ. ಇದನ್ನು ಬರೆಯುವಾಗ ನನಗೆ ಸಂತೋಷವಾಯಿತು, ಆಮೇಲೆ ನಾಚಿಕೆಯಾಯಿತು. ಎರಡೂ ಇವೆ.

ಇಲ್ಲೇ ಬಿಡು ಎಂದು ಕೇಳುವುದಿಲ್ಲ. ಕೇಳಿದರೆ ಅದು ಯಾರಿಗಾಗಿ ಎಂದು ನನಗೇ ಸ್ಪಷ್ಟವಿಲ್ಲ. 20ರ ಪಟ್ಟಿಯಿಂದ ಅವಳ ಹೆಸರು ಇನ್ನೂ ತೆಗೆದಿಲ್ಲ.

ತಂಗಿ


ಜುಲೈ 11

ತಂಗೀ,

ಶಾಲೆಯ ಸೀಟು ಬಿಟ್ಟುಕೊಟ್ಟೆ. ಇದನ್ನು ನಿನಗೇ ಮೊದಲು ತಿಳಿಸುತ್ತಿದ್ದೇನೆ. ಇವತ್ತು ಬೆಳಿಗ್ಗೆ ಹೋಗಿ ಬರೆದುಕೊಟ್ಟು ಬಂದೆ. ಗುಮಾಸ್ತೆ ಕಾರಣ ಕೇಳಿದಳು. "ಮಗು ಇರೋ ಕಡೆ ಚೆನ್ನಾಗಿದೆ" ಎಂದೆ. ಹೇಳಿ ಮೂಗು ಒರೆಸಿಕೊಂಡೆ. ಆಕೆ ನೆಗಡಿ ಎಂದುಕೊಂಡು ಕಿಟಕಿ ಮುಚ್ಚಿದಳು.

ನೀನು ಬರೆದದ್ದನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಕಣ್ಣಿಗೆ ಬಿದ್ದದ್ದು ಟೀಚರಮ್ಮನ ಮಾತಿಗೆ ನೀನು ಸುಮ್ಮನಿದ್ದದ್ದು ಮಾತ್ರ. ಕಾಗದ ಮಡಚಿಟ್ಟು ಪಾಳಿಗೆ ಹೋದೆ. ಮರುದಿನ ಓದಿದಾಗ ಕಂಡದ್ದು ಬೇರೆ. ಅವಳ ಬಾಯಲ್ಲಿ ನನ್ನ ಹೆಸರು ಇಷ್ಟು ದಿನ ಉಳಿದದ್ದು ಆ ಮನೆಯಲ್ಲಿ ಅದನ್ನು ಯಾರೂ ಒರೆಸದೆ ಇದ್ದದ್ದರಿಂದ. ನಿನಗೆ ಒರೆಸುವ ಆಸೆ ಇತ್ತು. ಆದರೂ ಒರೆಸಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆನೋ, ಹೇಳಲಾರೆ.

ಕೋಣೆಯ ಗೆಳತಿಗೆ ಹೇಳಿದೆ. "ಆ ಮಗು ನನ್ನದು. ಪಕ್ಕದಲ್ಲಿರೋದು ನನ್ನ ತಂಗಿ, ಈಜು ಕಲಿಸ್ತಾಳೆ." "ಅದಕ್ಕೇ ಕಣ್ಣು ಒಂದೇ ಥರ" ಎಂದಳು. ಆಮೇಲೆ, "ಅಲ್ಲಕ್ಕಾ, ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದಳು. ಇಸ್ತ್ರಿ ಕಾದಿದೆ ಎಂದು ಎದ್ದುಹೋದೆ. ನಿನ್ನ ಗಂಡನಿಂದ ಕಲಿತದ್ದು.

ಮೇಲ್ವಿಚಾರಕರನ್ನು ಬೆಳಿಗ್ಗೆಯ ಪಾಳಿಗೆ ಕೇಳಿದ್ದೇನೆ. ಅಕ್ಟೋಬರ್‌ನಿಂದ ಕೊಡಬಹುದು, ಖಚಿತವಿಲ್ಲ ಎಂದಿದ್ದಾರೆ. ಸಿಕ್ಕರೆ ಎರಡು ಗಂಟೆಗೆಲ್ಲ ನಾನು ಮನೆಯಲ್ಲಿರುತ್ತೇನೆ. ಆಗ ಮತ್ತೆ ಕೇಳೋಣ, ಅವಳನ್ನು ಕೂರಿಸಿಕೊಂಡು, ಇಬ್ಬರೂ ಎದುರಿಗಿದ್ದು. ಸಿಗದಿದ್ದರೆ ಅವಳು ಅಲ್ಲೇ. ಮುಂಗಡ ವಾಪಸ್ ಬರುವುದಿಲ್ಲ, ಹೋಗಲಿ.

ಇನ್ನು ಮೇಲೆ ಭಾನುವಾರ ಮಾತ್ರವಲ್ಲ, ಬುಧವಾರವೂ ಫೋನ್ ಮಾಡುತ್ತೇನೆ. ಅವಳ ಜೊತೆ ಮುಗಿದ ಮೇಲೆ ನಿನ್ನ ಜೊತೆಯೂ ಮಾತಾಡುತ್ತೇನೆ, ಅವಳ ವಿಷಯ ಬಿಟ್ಟು. ನಿನ್ನ ಕಿವಿ ಹೇಗಿದೆ, ಸೀಟಿಯ ಸದ್ದು ಹೋಯಿತಾ ಎಂದು ನಾನು ಇದುವರೆಗೆ ಕೇಳಿಲ್ಲ. ಆ ಕೆಂಪು ಜಾಕೆಟ್ಟನ್ನು ಅವಳಿಗೆ ಹಾಕಿಕೋ ಎಂದು ನಾನೂ ಹೇಳುತ್ತೇನೆ. ಕೇಳುತ್ತಾಳೆಂಬ ಭರವಸೆಯಿಲ್ಲ.

ಪರೀಕ್ಷೆಗೆ ಬರುತ್ತಿದ್ದೇನೆ. ನೀರಿನ ಹತ್ತಿರ ಬರುವುದಿಲ್ಲ, ಮೇಲೆ ಗ್ಯಾಲರಿಯಲ್ಲಿ ಕೂರುತ್ತೇನೆ. ಆ ದಡ ಮುಟ್ಟಿದ ಕೂಡಲೇ ಅವಳು ಮೊದಲು ನೋಡುವುದು ನಿನ್ನ ಕಡೆ. ನೋಡಲಿ. ಅವಳಿಗೆ ಕಲಿಸಿದವಳು ನೀನು. ನನಗೆ ಹೊಟ್ಟೆ ಉರಿಯುತ್ತದೆ. ಉರಿದರೆ ಗೋಡೆ ನೋಡುತ್ತೇನೆ, ಆಮೇಲೆ ಮತ್ತೆ ನಿಮ್ಮನ್ನು ನೋಡುತ್ತೇನೆ.

ಜುಲೈ 20, ಭಾನುವಾರ. ಬೆಳಿಗ್ಗೆ ಆರಕ್ಕೆ ಇಲ್ಲಿಂದ ಬಸ್ಸು. ಹತ್ತಕ್ಕೆ ನಿಮ್ಮ ನಿಲ್ದಾಣ. ಹನ್ನೊಂದಕ್ಕೆ ಪರೀಕ್ಷೆ. ಮಧ್ಯಾಹ್ನದ ಊಟ ನಿಮ್ಮ ಮನೆಯಲ್ಲಿ. ಸಂಜೆ ಐದರ ಬಸ್ಸಿಗೆ ನಾನೊಬ್ಬಳೇ ವಾಪಸ್.

ಅಕ್ಕ